ಏಳನೇ ಕ್ಲಾಸಿನವರು ಐವತ್ತೈದರಲ್ಲಿ ಎಲ್ಲಿದ್ದಾರೆ?

1983ರಲ್ಲಿ ಮಾಗಡಿ ತಾಲ್ಲೂಕಿನ ನಮ್ಮೂರ ಶಾಲೆಯಿಂದ ಏಳನೇ ತರಗತಿ ಪಬ್ಲಿಕ್ ಪರೀಕ್ಷೆಗೆ ಕೂತವರು 28 ಜನ. ಹುಡುಗರು 19, ಹುಡುಗಿಯರು 9. ಕಾಲೇಜು ಮೆಟ್ಟಿಲು ಹತ್ತಿದವರು ನಾಲ್ವರೇ. ಕಾಲೇಜಿನಲ್ಲಿ ಜತೆಗೆ ಓದಿದವರು ಈಗ ವರ್ಷಕ್ಕೊಮ್ಮೆ ಸೇರ್ತಾರೆ, ಗುರುವಂದನೆ ಮಾಡ್ತಾರೆ, ಫೋಟೋ ತೆಗೆಸ್ಕೊಳ್ತಾರೆ. ನಮ್ಮಂಥ ಏಳನೇ ಕ್ಲಾಸಿನವರ ಲೆಕ್ಕ ಯಾರೂ ಇಡಲ್ಲ.

ಹೋದ ವರ್ಷ ಮಗಳ ಮದುವೆ ಪತ್ರಿಕೆ ಹಂಚೋಕೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ನಾಲ್ಕೂ ಕಡೆ ಸುತ್ತಿದೆ. ಜತೆ ಓದಿದವರಲ್ಲಿ 20 ಜನ ಸಿಕ್ಕರು. ಮೂವರು ತೀರಿಕೊಂಡಿದ್ದಾರೆ. ನಾಲ್ವರ ಸುದ್ದಿ ಗೊತ್ತಾಗಲಿಲ್ಲ. ಉಳಿದವನು ನಾನು. ಸಿಕ್ಕವರು ಹೇಳಿದ್ದು ಬೇರೆ ರೈತರಿಗೂ ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೇನೆ.

ರೇಷ್ಮೆ ಹಿಡಿದವರು

ಐದು ಜನ ರೇಷ್ಮೆಗೆ ಇಳಿದಿದ್ದರು. ಎಲ್ಲರದ್ದೂ ಮೊದಲು ಎಂ-5 ಕಡ್ಡಿ. ಚನ್ನಪಟ್ಟಣದ ಕಣ್ವ ಫಾರಂನಲ್ಲಿ ಆರಿಸಿದ ತಳಿ ಅದು, ಕಣ್ವ-2 ಅಂತಲೂ ಹೆಸರು. ಆಮೇಲೆ ವಿ-1 ಹಾಕಿದರು.

2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಬಿದ್ದೇ ಹೋಯ್ತು. 2013ರಲ್ಲಿ ಸುಂಕ 15ಕ್ಕೆ ಏರಿತು. ಅಷ್ಟರಲ್ಲಿ ನಮ್ಮ ಐವರಲ್ಲಿ ಇಬ್ಬರು ಹಿಪ್ಪುನೇರಳೆ ಕಿತ್ತು ಹಾಕಿದ್ದರು. ಇಬ್ಬರೂ ಬೋರ್‌ವೆಲ್‌ಗೆ ಸಾಲ ಮಾಡಿದವರು, ಬೇರೆ ಆದಾಯ ಇಲ್ಲದವರು. ಉಳಿದುಕೊಂಡ ಮೂವರಿಗೂ ಎರಡೆರಡು ಹಸು ಇದ್ದವು, ಊಟಕ್ಕೆ ರಾಗಿ ಇತ್ತು. "ಡೈರಿ ದುಡ್ಡಲ್ಲಿ ಎರಡು ವರ್ಷ ತಳ್ಳಿದೆ ಕಣೋ" ಅಂದ ಒಬ್ಬ.

ಆ ಮೂವರಲ್ಲಿ ಕನಕಪುರ ಕಡೆಯವನು ಈಗ ಚಾಕಿ ಕೇಂದ್ರ ನಡೆಸ್ತಾನೆ. ಮೊಟ್ಟೆ ತಂದು, ಎರಡನೇ ಜ್ವರದವರೆಗೆ ಹುಳು ಸಾಕಿ ಬೇರೆ ರೈತರಿಗೆ ಕೊಡೋದು. ಸುಮಾರು ಒಂಬತ್ತು ದಿನದ ಕೆಲಸ. ಸೊಂಟನೋವು ಬಂದಮೇಲೆ ಇದೇ ವಾಸಿ ಅಂತಾನೆ.

ಕಾರ್ಖಾನೆಗೆ ಹೋದವರು

ಬಿಡದಿಯಲ್ಲಿ ಟೊಯೋಟ ಕಂಪನಿ ಶುರುವಾಗಿದ್ದು 1997ರಲ್ಲಿ. ಸುತ್ತಮುತ್ತ ಸಣ್ಣಪುಟ್ಟ ಕಾರ್ಖಾನೆಗಳೂ ಬಂದವು. ನಮಗಾಗ 27 ವಯಸ್ಸು. ಏಳನೇ ಕ್ಲಾಸಿಗೆ ಪರ್ಮನೆಂಟ್ ಕೆಲಸ ಯಾರು ಕೊಡ್ತಾರೆ? ಆರು ಜನ ಕಂಟ್ರಾಕ್ಟರ್ ಕೈಕೆಳಗೆ ಲೋಡಿಂಗು, ಕ್ಯಾಂಟೀನು, ತೋಟದ ಕೆಲಸಕ್ಕೆ ಸೇರಿದರು.

ಅವರಲ್ಲಿ ಒಬ್ಬ ದುಡಿದಿದ್ದು 19 ವರ್ಷ. ಅಷ್ಟರಲ್ಲಿ ಐದು ಕಂಟ್ರಾಕ್ಟರು ಬದಲಾದರು. ಪಿ.ಎಫ್. ಕಟ್ಟಿದ್ದು ಆರೇ ವರ್ಷದ್ದು. ಪಿ.ಎಫ್. ಪಿಂಚಣಿ ತಿಂಗಳು ತಿಂಗಳು ಬರಬೇಕಾದರೆ ಹತ್ತು ವರ್ಷದ ಸೇವೆ ದಾಖಲೆಯಲ್ಲಿರಬೇಕು, 58 ತುಂಬಬೇಕು. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಇವನಿಗೆ ಅದೂ ಇಲ್ಲ. ಎರಡು ಎಕರೆ ಹೊಲವನ್ನು 2006ರಲ್ಲೇ ಲೇಔಟಿಗೆ ಮಾರಿದ್ದ. ಮನೆ ಕಟ್ಟಿಸಿದ, ತಂಗಿ ಮದುವೆ ಮಾಡಿದ, ದುಡ್ಡು ಮುಗೀತು. ನನ್ನನ್ನು ಕೇಳಿದ್ದು ಒಂದೇ ಮಾತು: "ನಿಮ್ಮ ಕಡೆ ಗುತ್ತಿಗೆಗೆ ಅರ್ಧ ಎಕರೆ ಸಿಗ್ತದಾ? ರಾಗಿ ಬೆಳ್ಕೋತೀನಿ."

ಅವನ ಜತೆಗೇ ಸೇರಿದ ಇನ್ನೊಬ್ಬ ಹೊಲ ಮಾರಲಿಲ್ಲ. ಅಣ್ಣನಿಗೆ ವಾರಕ್ಕೆ ಬಿಟ್ಟಿದ್ದ. ಈಗ ಊರಿಗೆ ಬಂದು ರಾಗಿ ಜತೆ ಅವರೆ, ಹುಚ್ಚೆಳ್ಳು ಅಕ್ಕಡಿ ಹಾಕಿದ್ದಾನೆ. ಕೂಲಿ ಅಷ್ಟೇ ಇತ್ತು, ಕೆಲಸ ಅದೇ ಇತ್ತು.

ಹೆದ್ದಾರಿ ಪಕ್ಕದವನು

ಒಬ್ಬ ಚನ್ನಪಟ್ಟಣದ ಹತ್ತಿರ ಎಳನೀರು, ಬಣ್ಣದ ಬೊಂಬೆ ಮಾರ್ತಿದ್ದ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆ ಆಯ್ತು. ಕಾರುಗಳು ಊರ ಹೊರಗೇ ಹೋಗ್ತವೆ. ವ್ಯಾಪಾರ ಅರ್ಧಕ್ಕರ್ಧ ಕುಸೀತು. ಅವನನ್ನು ಉಳಿಸಿದ್ದು ಅಪ್ಪ ನೆಟ್ಟ 40 ತೆಂಗಿನ ಮರ. ಎಳನೀರು ಈಗ ಮದ್ದೂರಿನ ಮಾರುಕಟ್ಟೆಗೆ ಹೋಗ್ತದೆ.

ಹುಡುಗಿಯರು

ಒಂಬತ್ತರಲ್ಲಿ ಸಿಕ್ಕವರು ಐದೇ ಜನ. ಅದೂ ಅವರ ಅಣ್ಣತಮ್ಮಂದಿರನ್ನು ಕೇಳಿ ಹುಡುಕಿದ್ದು. ಐವರೂ ಹಸು ಕಟ್ಟಿದ್ದಾರೆ, ಹುಳು ಮೇಯಿಸ್ತಾರೆ. ಪಹಣಿಯಲ್ಲಿ ಹೆಸರಿರೋದು ಒಬ್ಬಳದ್ದು ಮಾತ್ರ.

ಕಾನೂನು ಹೀಗಿದೆ. 1994ರ ಕರ್ನಾಟಕದ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಬಂತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟರು. ನಮ್ಮ ಕ್ಲಾಸಿನವರೆಲ್ಲ ಅದಕ್ಕೆ ಮುಂಚೆಯೇ ಮದುವೆಯಾದವರು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಅಂತ ಭೇದ ಮಾಡದೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಕೊಟ್ಟಿತು. 2005ಕ್ಕೆ ಅಪ್ಪ ಬದುಕಿರಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಭಾಗಪತ್ರ ಇದ್ದರೆ ಮಾತ್ರ ಅದನ್ನು ಕದಲಿಸೋಕಾಗಲ್ಲ.

ಒಬ್ಬಳನ್ನು 2019ರಲ್ಲಿ ತವರಿಗೆ ಕರೆಸಿ, ಊಟ ಹಾಕಿ, ಸೀರೆ ಜತೆ 20,000 ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಹೊಲಕ್ಕೆ ಎಷ್ಟು ಬಂತು ಅಂತ ಅವಳಿಗೆ ಇವತ್ತಿಗೂ ಯಾರೂ ಹೇಳಿಲ್ಲ. ಇನ್ನೊಬ್ಬಳು 2021ರಲ್ಲಿ, "ದುಡ್ಡು ಬೇಡಣ್ಣ, ಅರ್ಧ ಎಕರೆ ಹೆಸರಿಗೆ ಮಾಡ್ಕೊಡು" ಅಂದಳು. ಒಂದು ವರ್ಷ ಮಾತಿರಲಿಲ್ಲ. ಈಗ ಆ ಅರ್ಧ ಎಕರೆಯಲ್ಲಿ ಹಿಪ್ಪುನೇರಳೆ ಇದೆ. ಅಣ್ಣ ಗೌರಿಹಬ್ಬಕ್ಕೆ ಬಾಗಿನ ಕೊಟ್ಟು ಹೋಗಿದ್ದಾನೆ.

ನನಗೆ ತಿಳಿದದ್ದು

1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಕೂತ ಜಾಗ ಕದಲದೆ ಜಿಲ್ಲೆ ಬದಲಾಗ್ತಾ ಬಂತು, ಪ್ರತಿ ಸಲವೂ ಬ್ರೋಕರ್‌ಗಳು ಹೆಚ್ಚಾದರು. ಈ ವಯಸ್ಸಲ್ಲಿ ನೆಮ್ಮದಿಯಾಗಿರೋರು ಯಾರು ಅಂತ ಎಣಿಸಿದೆ. ಇಪ್ಪತ್ತರಲ್ಲಿ ಒಂಬತ್ತು ಜನ. ಒಂಬತ್ತು ಜನಕ್ಕೂ ತಮ್ಮ ಹೆಸರಲ್ಲಿ ಚೂರಾದರೂ ನೆಲ ಇದೆ, ಹಾಲೋ ತೆಂಗೋ ಚಾಕಿಯೋ ಇನ್ನೊಂದು ಆದಾಯ ಇದೆ. ಕಾಲೇಜು ಓದಿದ ನಾಲ್ವರಲ್ಲಿ ಇಬ್ಬರು ಇದರಲ್ಲಿದ್ದಾರೆ, ಇಬ್ಬರು ಇಲ್ಲ.

ಮಕ್ಕಳು ಕಾರ್ಖಾನೆಗೆ ಹೋಗೋದಾದರೆ ಹೋಗಲಿ. ಪಿ.ಎಫ್. ನಂಬರು ಬರೆದಿಟ್ಟುಕೊಳ್ಳಲಿ, ಕಂಟ್ರಾಕ್ಟರ್ ಬದಲಾದಾಗಲೆಲ್ಲ ಕಟ್ಟಿದ್ದಾರಾ ಅಂತ ನೋಡಲಿ. ಹೊಲ ಮಾರೋ ಮಾತು ಬಂದರೆ, ಇಪ್ಪತ್ತು ವರ್ಷದ ಹಿಂದೆ ಮಾರಿದ ಒಬ್ಬರನ್ನು ಮನೆಗೆ ಕರೆದು ಕಾಫಿ ಕೊಟ್ಟು ಕೇಳಿ. ಅಕ್ಕತಂಗಿಯರನ್ನೂ ಅದೇ ದಿನ ಕರೆಸಿ ಕೂರಿಸಿ.