ಕಲ್ಲು ಹಾಸುವ ಮೊದಲು ನಾವೊಂದು ಮಾತು ಹೇಳೋಣ

ಸೋದರಿಯರೇ, ಕಾಲಬುಡ ನೋಡದೆ, ನಿಶ್ಚಿಂತೆಯಿಂದ ನೀವು ರಸ್ತೆ ಬದಿಯಲ್ಲಿ ನಡೆದು ಎಷ್ಟು ದಿನವಾಯಿತು? ನೆನಪಿಗೆ ಬರುತ್ತಿಲ್ಲ ಅಲ್ಲವೇ? ನನಗೂ ಅಷ್ಟೆ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಕೊಡೆ. ಎಲ್ಲಿ ಚಪ್ಪಡಿ ಎದ್ದಿದೆ, ಎಲ್ಲಿ ಚರಂಡಿ ಬಾಯಿ ತೆರೆದಿದೆ ಎಂದು ಹುಡುಕುತ್ತಾ ಹೋಗುವುದೇ ನಮ್ಮ 'ವಾಕಿಂಗ್'.

ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರು ಇಂಥದೇ ಒಂದು ಅಲುಗಾಡುವ ಚಪ್ಪಡಿಯ ಮೇಲೆ ಕಾಲಿಟ್ಟು ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಬಿಚ್ಚಿದ ಮೇಲೆ ಕೈ ಸರಿಹೋಯಿತು, ಹೋದ ಧೈರ್ಯ ಮಾತ್ರ ತಿರುಗಿ ಬರಲಿಲ್ಲ. ಸಕ್ಕರೆ ಕಾಯಿಲೆಗೆ ದಿನಾ ಅರ್ಧ ಗಂಟೆ ನಡೆಯಿರಿ ಅಂತ ಡಾಕ್ಟರು ಹೇಳುತ್ತಾರೆ. ಅತ್ತೆಯವರು ಅಂಗಳದ ತುಳಸಿಕಟ್ಟೆಗೇ ಸುತ್ತು ಬರುತ್ತಾರೆ. "ಹೊರಗೆ ಎಲ್ಲಿ ನಡೆಯುವುದು ಮಾರಾಯ್ತಿ?" ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಆದ್ದರಿಂದಲೇ ನೀರಿನ ಬದಿಯಲ್ಲಿ ನಡೆಯುವ ದಾರಿ, ಸೈಕಲ್ ದಾರಿ ಎಂಬ ಮಾತು ಬಂದಾಗ ನನ್ನ ಕಿವಿ ನೆಟ್ಟಗಾಗುತ್ತದೆ.

ಎರಡು ಹೊಳೆಯ ಊರು

ನಮ್ಮ ಮಂಗಳೂರಿಗೆ ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಗುರುಪುರ ಹೊಳೆ. ಎರಡೂ ಅಳಿವೆಬಾಗಿಲಿನಲ್ಲಿ ಕೂಡಿ ಕಡಲು ಸೇರುತ್ತವೆ. ಇಷ್ಟೆಲ್ಲ ನೀರಿದ್ದರೂ ದಂಡೆಗುಂಟ ಆರಾಮವಾಗಿ ನಡೆಯುವ ಭಾಗ್ಯ ಊರಿನವರಿಗೆ ಹೆಚ್ಚಾಗಿ ಇರಲಿಲ್ಲ. ಕಾರಣವೂ ಇದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ದೋಣಿಯಲ್ಲಿ ಜೇಡಿಮಣ್ಣು ತರಲು ಹೊಳೆಬದಿ ಅನುಕೂಲವಷ್ಟೆ. ಹೀಗೆ ಕಾರ್ಖಾನೆ, ಗೋದಾಮುಗಳು ದಂಡೆ ಹಿಡಿದವು; ಊರು ಹೊಳೆಗೆ ಬೆನ್ನು ಹಾಕಿ ಬೆಳೆಯಿತು.

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ನೇತ್ರಾವತಿ ಸೇತುವೆಯಿಂದ ಬೋಳಾರದ ಕಡೆಗೆ ದಂಡೆಯಲ್ಲಿ ಸುಮಾರು 2 ಕಿಲೋಮೀಟರಿನ ವಿಹಾರಪಥಕ್ಕೆ ನಕ್ಷೆಯಾಯಿತು. ಪರಿಸರದ ವಿಷಯವಾಗಿ ಆಕ್ಷೇಪಗಳೂ ಎದ್ದವು. ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚಿಗೆ ಮುಗಿಯಿತು. ಆದರೆ ದಾರಿ ಆಗಬೇಕಾದ ದಂಡೆ ಇನ್ನೂ ಎಷ್ಟೋ ಇದೆ, ನಮ್ಮಲ್ಲೂ, ಕರಾವಳಿಯ ಬೇರೆ ಊರುಗಳಲ್ಲೂ. ನಾಳೆ ನಿಮ್ಮ ಊರಿಗೂ ಇಂಥ ನಕ್ಷೆ ಬರಬಹುದು. ಕಾಗದದ ಮೇಲಿನ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು, ಕಾಂಕ್ರೀಟು ಬಿದ್ದ ಮೇಲೆ ಯಾರು ಅಳಿಸಿಯಾರು? ಹಾಗಾಗಿ ನಕ್ಷೆ ಬಂದಾಗ ನಾವು ಹೆಂಗಸರು ಏನೇನು ಕೇಳಬೇಕು ಎನ್ನುವುದನ್ನು ಒಮ್ಮೆ ನೋಡೋಣ.

ಮೊದಲ ಪ್ರಶ್ನೆ: ಯಾರಿಗಾಗಿ?

ಭಾನುವಾರ ಸಂಜೆ ಗಾಳಿ ಸೇವನೆಗೆ ಬರುವವರಿಗೆ ಮಾತ್ರವೇ? ಅಥವಾ ಬೆಳಿಗ್ಗೆ ಬುಟ್ಟಿ ಹೊತ್ತು ಹೋಗುವ ಮೀನಿನ ಹೆಂಗಸಿಗೂ, ಸೈಕಲಿನಲ್ಲಿ ಶಾಲೆಗೆ ಹೋಗುವ ಹುಡುಗಿಗೂ ಸೇರಿದ್ದೇ? ದಾರಿಯ ಎರಡು ತುದಿಯೂ ಬಸ್ ಸ್ಟಾಪಿಗೋ, ಮಾರ್ಕೆಟಿಗೋ, ಶಾಲೆಗೋ ಮುಟ್ಟಬೇಕು. ಇಲ್ಲವಾದರೆ ಅಲ್ಲಿಗೆ ಹೋಗುವುದಕ್ಕೇ ರಿಕ್ಷಾ ಮಾಡಬೇಕಾದೀತು! ಹಾಗೆಯೇ, ದಂಡೆಯಲ್ಲಿ ಬಲೆ ಹರವುವವರು, ದೋಣಿ ಕಟ್ಟುವವರು ನಮಗಿಂತ ಮೊದಲೇ ಇದ್ದವರು. ಅವರು ನೀರಿಗಿಳಿಯುವ ಮೆಟ್ಟಿಲಿಗೆ ಬೇಲಿ ಹಾಕಿ ನಮಗೆ ಉದ್ಯಾನ ಮಾಡಿಕೊಡುವುದು ನ್ಯಾಯವಲ್ಲ.

ಮಳೆಗಾಲದ ಲೆಕ್ಕ

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿಯುತ್ತದೆ. ಫಳಫಳ ಹೊಳೆಯುವ ಟೈಲ್ಸು ಉದ್ಘಾಟನೆಯ ಫೋಟೋಕ್ಕೆ ಚಂದ. ಆಷಾಢದಲ್ಲಿ ಪಾಚಿ ಕಟ್ಟಿದರೆ ಬಚ್ಚಲಿಗಿಂತ ಕಡೆ. ಕಲ್ಲು ಒರಟಾಗಿರಬೇಕು, ನೀರು ಹರಿದುಹೋಗಲು ಒಂದು ಬದಿಗೆ ತುಸು ಇಳಿಜಾರು ಬೇಕು. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸೀಳುಗಳು ದಾರಿಗೆ ಅಡ್ಡಲಾಗಿರಬೇಕು. ಉದ್ದಕ್ಕಿದ್ದರೆ ಸೈಕಲಿನ ಚಕ್ರ ಸಿಕ್ಕಿಕೊಂಡು ಮಕ್ಕಳು ಬೀಳುತ್ತಾರೆ.

ಇನ್ನು ಬಿಸಿಲು. ನೆರಳಿಲ್ಲದ ದಾರಿಯಲ್ಲಿ ಬೆಳಿಗ್ಗೆ ಎಂಟರ ಮೇಲೆ ನಡೆಯುವುದುಂಟೇ? ಉಪ್ಪುಗಾಳಿ ತಡೆಯುವ ಸುರಹೊನ್ನೆ, ಹೊಂಗೆಯಂಥ ಮರ ನೆಡಲಿ. ತೆಂಗಿನ ಮರ ನೋಟಕ್ಕೆ ಸೊಗಸು, ಆದರೆ ಕಾಯಿ, ಮಡಲು ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು. ದಾರಿಯಿಂದ ದೂರವಿದ್ದರೇ ಒಳ್ಳೆಯದು.

ಅಳತೆ ಕೇಳಲು ನಾಚಿಕೆ ಬೇಡ

ರವಿಕೆಗೆ ಅಳತೆ ಕೊಡುವ ನಮಗೆ ದಾರಿಯ ಅಳತೆ ಕಷ್ಟವೇ? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಸೂಚನೆಯಂತೆ ಕಾಲುದಾರಿಯಲ್ಲಿ ಕಂಬ, ಕಟ್ಟೆ ಯಾವುದೂ ಅಡ್ಡ ಬರದೆ ಕಡಿಮೆಯೆಂದರೂ 1.8 ಮೀಟರು ಅಗಲ ಇರಬೇಕು. ಅಂಚಿನ ಎತ್ತರ 15 ಸೆಂಟಿಮೀಟರು ಮೀರಬಾರದು. ಅದಕ್ಕಿಂತ ಎತ್ತರವಾದರೆ ಮೊಣಕಾಲು ನೋವಿನವರು ರಸ್ತೆಯಲ್ಲೇ ನಡೆಯುತ್ತಾರೆ. ಗಾಲಿಕುರ್ಚಿಗೆ ಮಾಡುವ ಇಳಿಜಾರು ಒಂದು ಅಡಿ ಏರಲು 12 ಅಡಿ ಉದ್ದವಿರಬೇಕು. ಸೈಕಲಿಗೆ ಬೇರೆಯೇ ದಾರಿ, ಎದುರು ಬದುರು ಎರಡು ಸೈಕಲು ಆರಾಮವಾಗಿ ಹೋಗುವಷ್ಟು ಅಗಲ ಬೇಕು. ನಡುವೆ ಬರೇ ಬಣ್ಣದ ಗೆರೆ ಎಳೆದರೆ ಸಾಲದು, ಒಂದಿಷ್ಟು ತಗ್ಗು ಎತ್ತರ ಬೇಕು. ಸ್ಕೂಟರಿನವರು ನುಗ್ಗದ ಹಾಗೆ ಬಾಯಿಯಲ್ಲಿ ಗಿಡ್ಡ ಕಂಬ ನೆಡಲಿ, ಗಾಲಿಕುರ್ಚಿ ದಾಟುವಷ್ಟು ಜಾಗ ಬಿಟ್ಟು.

ಮನಸ್ಸಿನ ಭಯಕ್ಕೂ ಮದ್ದು ಬೇಕು

ದಾರಿ ಎಷ್ಟೇ ಅಂದವಾಗಿರಲಿ, ಒಂದು ಕಡೆ ನೀರು, ಇನ್ನೊಂದು ಕಡೆ ಎತ್ತರದ ಕಾಂಪೌಂಡು ಗೋಡೆ, ಅರ್ಧ ಮೈಲಿಗೂ ಹೊರಬರಲು ಸಂದಿ ಇಲ್ಲವೆಂದರೆ, ಮುಸ್ಸಂಜೆಗೆ ಮಗಳನ್ನು ಕಳಿಸುತ್ತೀರಾ? ನಾನಂತೂ ಕಳಿಸಲಾರೆ. ಅಲ್ಲಲ್ಲಿ ಊರಿನ ಕಡೆಗೆ ಬಾಗಿಲಿರಬೇಕು. ದೀಪ ಮರದ ಕೊಂಬೆಗಳ ಕೆಳಗೆ ಬರಬೇಕು, ಎಲೆಗೆ ಬೆಳಕು ಬಿದ್ದು ನೆಲಕ್ಕೆ ಕತ್ತಲಾಗಬಾರದು. ಪೊದೆ ಸೊಂಟಕ್ಕಿಂತ ಮೇಲೆ ಬೆಳೆಯಬಾರದು. ಎಳನೀರಿನವನೋ, ಚರುಮುರಿಯವನೋ ಇದ್ದರೆ ಅದೇ ಒಂದು ಕಾವಲು. ಎಲ್ಲಕ್ಕೂ ಮಿಗಿಲಾಗಿ, ಶೌಚಾಲಯ ಬೇಕೇ ಬೇಕು. ಇದನ್ನು ಗಂಡಸರು ಮರೆಯುತ್ತಾರೆ, ನಾವು ಸಂಕೋಚದಿಂದ ಬಾಯಿ ಬಿಡುವುದಿಲ್ಲ.

ಕಾಂಡ್ಲಾ ಕಡಿಯದೆ

ದಂಡೆಯ ಕೆಸರಿನಲ್ಲಿ ಬೇರು ಹರಡಿ ನಿಲ್ಲುವ ಕಾಂಡ್ಲಾ ಗಿಡವನ್ನು ಕಸವೆಂದು ತಿಳಿಯಬೇಡಿ. ಅದು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಮೀನು, ಸಿಗಡಿಯ ಮರಿಗಳು ಬೆಳೆಯುವುದು ಅದರ ಬೇರಿನ ನಡುವೆ. ನಾಳೆಯ ನಮ್ಮ ಸಾರು ಅಲ್ಲಿಂದಲೇ ಬರಬೇಕಷ್ಟೆ! ಕರಾವಳಿ ನಿಯಂತ್ರಣ ವಲಯದ ನಿಯಮ 1991ರಲ್ಲೇ ಬಂದಿದೆ. ಉಬ್ಬರದ ನೀರು ಒಳಬರುವ ಹೊಳೆಗಳ ದಂಡೆಗೂ ಅದು ಅನ್ವಯಿಸುತ್ತದೆ. ಹೊನ್ನಾವರದ ಶರಾವತಿಯಲ್ಲಿ ಅರಣ್ಯ ಇಲಾಖೆಯವರು ಕಾಂಡ್ಲಾ ಕಾಡಿನ ನಡುವೆ ಕಂಬದ ಮೇಲೆ ಹಲಗೆ ಹಾಸಿ ದಾರಿ ಮಾಡಿದ್ದಾರೆ. ಮನಸ್ಸಿದ್ದರೆ ಗಿಡವೂ ಉಳಿಯುತ್ತದೆ, ದಾರಿಯೂ ಆಗುತ್ತದೆ.

ಖರ್ಚಿಲ್ಲದ ಉಪಾಯವೂ ಉಂಟು. ಪುದುಚೇರಿಯ ಬೀಚ್ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 7.30ರ ತನಕ ವಾಹನ ಬಿಡುವುದಿಲ್ಲ. ಇದ್ದ ರಸ್ತೆಯೇ ಅಷ್ಟು ಹೊತ್ತು ನಡೆಯುವವರ ಪಾಲಾಗುತ್ತದೆ. ಮುಂಬಯಿಯಲ್ಲಿ ನೆಂಟರಿರುವವರು ಮರೀನ್ ಡ್ರೈವ್ ನೋಡಿರುತ್ತೀರಿ. ಅಲ್ಲಿ ಮುದುಕರಿಗೂ ಮಕ್ಕಳಿಗೂ ಪ್ರಿಯವಾದುದು ಕುಳಿತುಕೊಳ್ಳಲು ಬರುವ ಆ ಅಗಲವಾದ ಕಟ್ಟೆ.

ನಾವೇನು ಮಾಡಬಹುದು?

ಮಹಾನಗರಪಾಲಿಕೆಗಳಲ್ಲಿ ವಾರ್ಡು ಸಮಿತಿಗೆ ಕಾನೂನಿನಲ್ಲಿ ಅವಕಾಶವಿದೆ. ನಾಮಕರಣವಾಗುವ 10 ಸದಸ್ಯರಲ್ಲಿ ಕನಿಷ್ಠ 3 ಮಂದಿ ಮಹಿಳೆಯರಿರಬೇಕು. ನಿಮ್ಮಲ್ಲಿ ಸಮಿತಿ ಇಲ್ಲದಿದ್ದರೆ ಆಯುಕ್ತರಿಗೇ ಬರೆಯಿರಿ. ನಕ್ಷೆ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಅದಕ್ಕೂ ಮೊದಲು ನಾಲ್ಕು ಮಂದಿ ಗೆಳತಿಯರು ಸೇರಿ ಆ ಜಾಗದಲ್ಲಿ ಎರಡು ಸಲ ನಡೆದು ನೋಡಿ: ಒಮ್ಮೆ ಮಳೆಯಲ್ಲಿ ಕೊಡೆ ಹಿಡಿದು, ಒಮ್ಮೆ ದೀಪ ಹಚ್ಚುವ ಹೊತ್ತಿನಲ್ಲಿ. ಎಲ್ಲಿ ಕಾಲು ಜಾರಿತು, ಎಲ್ಲಿ ಎದೆ ಡವಡವ ಅಂದಿತು, ಎಲ್ಲಿ ಕೂರಬೇಕೆನಿಸಿತು ಎಂದು ಬರೆದಿಡಿ. ಇಂಜಿನಿಯರರ ಪುಸ್ತಕದಲ್ಲಿ ಸಿಗದ ಮಾಹಿತಿ ಅದು.

ನಾವು ಕೆಲವರು ಹೀಗೆ ನಡೆದು ನೋಡಿ ಒಂದು ಅರ್ಜಿ ಬರೆದಿದ್ದೇವೆ. ಸಹಿಗೆಂದು ಅತ್ತೆಯವರ ಮುಂದೆ ಹಿಡಿದಾಗ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಆಮೇಲೆ, ಮುರಿದು ಕೂಡಿದ ಆ ಕೈಯಿಂದಲೇ ನಿಧಾನವಾಗಿ ಹೆಸರು ಬರೆದರು. "ಬೆಂಚಿಗೆ ಬೆನ್ನು ಒರಗಲು ಹಲಗೆ ಇರಲಿ ಅಂತ ಸೇರಿಸು" ಎಂದರು. ಸೇರಿಸಿದ್ದೇನೆ.