ಮುಚ್ಚಿದ ಬಾಗಿಲಾಚೆಯ ಕನ್ನಡ

ರಾಯಚೂರಿನಿಂದ ನನ್ನ ತಂಗಿ ಫೋನ್ ಮಾಡಿದಾಗ ದೊಡ್ಡ ಮಗ ಎತ್ತಿಕೊಂಡರೆ ಆಕೆ ಈಗಲೂ "ಭಾವ, ಅಕ್ಕ ಇದ್ದಾಳೇನ್ರಿ?" ಎನ್ನುತ್ತಾಳೆ. ಅವನು ತಿದ್ದುವುದಿಲ್ಲ. "ಹ್ಞೂಂ" ಎಂದು ಫೋನನ್ನು ನನ್ನ ಕೈಗಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ದನಿ ಒಡೆದು ಎರಡು ವರ್ಷವಾಯಿತು. ದನಿ ದೊಡ್ಡದಾದಂತೆ ಮಾತು ಸಣ್ಣದಾಯಿತು.

ನನಗೆ ಇಬ್ಬರೂ ಗಂಡುಮಕ್ಕಳು. ದೊಡ್ಡವನಿಗೆ ಹದಿನೇಳು, ಚಿಕ್ಕವನಿಗೆ ಹದಿಮೂರು. ಹೈದರಾಬಾದಿನ ಕೂಕಟ್‌ಪಲ್ಲಿಯ ಮೂರನೇ ಮಹಡಿಯ ಫ್ಲಾಟಿನಲ್ಲಿ ನಮ್ಮ ವಾಸ. ಈ ವಯಸ್ಸಿನ ಹುಡುಗರಿರುವ ಮನೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೆ ಹೇಳಬೇಕಿಲ್ಲ. ಇಪ್ಪತ್ತೈದು ಕೆ.ಜಿ. ಅಕ್ಕಿಯ ಚೀಲ ಕಣ್ಣೆದುರೇ ಕರಗುತ್ತದೆ. ಸೋಫಾದ ಕೆಳಗೆ ಯಾವತ್ತೂ ಒಂಟಿ ಸಾಕ್ಸ್ ಒಂದು ಇರುತ್ತದೆ, ಅದರ ಜೋಡಿ ಎಲ್ಲಿ ಎಂದು ದೇವರಿಗೂ ಗೊತ್ತಿಲ್ಲ. ಸ್ನಾನದ ಮನೆಯಿಂದ ಹೊರಬಂದವನ ಹಿಂದೆಯೇ ಬಾಡಿ ಸ್ಪ್ರೇಯ ಮೋಡ ಬರುತ್ತದೆ. ರಜೆಯ ದಿನ ಹನ್ನೊಂದು ಗಂಟೆಗೂ ಏಳುವುದಿಲ್ಲ. ಇದನ್ನು ನಾನು ಬಹಳ ದಿನ ಸೋಮಾರಿತನ ಎಂದೇ ಬೈಯುತ್ತಿದ್ದೆ. ಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ರಾತ್ರಿ ಬೇಗ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಬೇಗ ಎಚ್ಚರವೂ ಆಗುವುದಿಲ್ಲ ಎಂದು ಓದಿ ತಿಳಿದ ಮೇಲೆ ಬೈಯುವುದು ಸ್ವಲ್ಪ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ.

ನಾವು ಈ ಊರಿಗೆ ಬಂದಿದ್ದು 2006ರಲ್ಲಿ, ಇವರ ಕೆಲಸದ ಮೇಲೆ. ರಾಯಚೂರಿನವರಿಗೆ ಹೈದರಾಬಾದ್ ಪರಊರು ಎನಿಸುವುದೇ ಇಲ್ಲ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಬೀದರ್, ಗುಲ್ಬರ್ಗಾಗಳೂ ಅಷ್ಟೇ. ನನ್ನ ಮಾವನವರು ಹುಟ್ಟಿದ್ದು ನಿಜಾಮರ ಕಾಲದಲ್ಲಿ, ಅಕ್ಷರ ಕಲಿತದ್ದು ಉರ್ದುವಿನಲ್ಲಿ. ಅವರಿಗೆ ಹತ್ತು ವರ್ಷವಿದ್ದಾಗ, 1948ರಲ್ಲಿ, ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತಕ್ಕೆ ಸೇರಿತು. ಆಮೇಲೆ ಅವರ ಪಾಟಿಚೀಲದ ಪುಸ್ತಕಗಳೂ ಬದಲಾದವು. "ಅರ್ಧ ಸಾಲಿ ಬಲದಿಂದ ಎಡಕ್ಕ ಬರದೆ, ಅರ್ಧ ಸಾಲಿ ಎಡದಿಂದ ಬಲಕ್ಕ" ಎಂದು ಈಗಲೂ ನಗುತ್ತಾರೆ.

ಮಾವನವರ ಮಾತು ಸುಮ್ಮನೆ ತೆಗೆದಿಲ್ಲ, ಮುಂದೆ ಬರುತ್ತದೆ.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ಎಲ್ಲ ಕನ್ನಡ ತಾಯಂದಿರ ಹಾಗೆ ನನಗೂ ಒಂದು ಚಿಂತೆಯಿತ್ತು: ಇವರ ಕನ್ನಡ ಉಳಿಯುತ್ತದೋ ಇಲ್ಲವೋ. ಶಾಲೆಯಲ್ಲಿ ಇಂಗ್ಲಿಷ್. 2018ರ ಕಾನೂನು ಬಂದ ಮೇಲೆ ಹತ್ತನೇ ತರಗತಿಯವರೆಗೆ ತೆಲುಗು ಕಡ್ಡಾಯ, ಅದು ಸರಿಯೇ, ಇರುವ ನೆಲದ ಭಾಷೆ ಬರಬೇಕು. ಹಿಂದಿಯೂ ಇತ್ತು. ಬೀದಿಯಲ್ಲಿ ದಖನಿ. ಚಿಕ್ಕವನಂತೂ ಉಪ್ಪಿಟ್ಟು ಬೇಡವೆಂದರೆ "ಅಮ್ಮ, ನಕ್ಕೋ" ಎನ್ನುತ್ತಾನೆ, ನಾನು ರೇಗಿದರೆ "ಲೈಟ್ ತೀಸ್ಕೋ ಅಮ್ಮ" ಎನ್ನುತ್ತಾನೆ. ಕನ್ನಡಕ್ಕೆ ಉಳಿದದ್ದು ಊಟದ ಮೇಜು ಮತ್ತು ರಾಯಚೂರಿನ ಫೋನು.

ಹಳೆಯ ಹೈದರಾಬಾದ್ ಕನ್ನಡಿಗರ ಊರು ಕಾಚಿಗುಡ. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ನಾವಿರುವುದು ನಗರದ ಇನ್ನೊಂದು ತುದಿ. ರಾಜ್ಯೋತ್ಸವಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುವುದಾಯಿತೇ ಹೊರತು ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವ ಮಾತಿರಲಿಲ್ಲ. ಅದಕ್ಕೇ ನಮ್ಮ ಕಡೆಯ ನಾಲ್ಕೈದು ಮನೆಯವರು ಸೇರಿ ಭಾನುವಾರ ಕನ್ನಡ ತರಗತಿ ಶುರು ಮಾಡಿದೆವು. ನಾನೇ ಟೀಚರ್. ಉತ್ಸಾಹ ಹೇಗಿತ್ತೆಂದರೆ, ಮೂರು ತಿಂಗಳಿಗೆ ಒಂದು ಪರೀಕ್ಷೆಯನ್ನೂ ಇಟ್ಟೆ. ಒತ್ತಕ್ಷರ ತಪ್ಪಿದರೆ ಅರ್ಧ ಅಂಕ ಕಳೆದೆ. ಆಗ ಏಳನೇ ತರಗತಿಯಲ್ಲಿದ್ದ ದೊಡ್ಡವನು ಉತ್ತರ ಪತ್ರಿಕೆ ನೋಡಿ, "ಅಮ್ಮ, ಇದಕ್ಕೂ ಎಕ್ಸಾಮಾ?" ಎಂದ. ಮುಂದಿನ ಭಾನುವಾರದಿಂದ ಬರಲಿಲ್ಲ. ನನಗೆ ಬೇಜಾರಾಯಿತು, ಸಿಟ್ಟೂ ಬಂತು. ಅವನು ಕೇಳಿದ್ದು ಸರಿಯಾದ ಪ್ರಶ್ನೆ ಎಂದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಹತ್ತನೆಯದು ಮುಗಿದ ಮೇಲೆ ಇಂಟರ್. ಹೈದರಾಬಾದಿನಲ್ಲಿರುವವರಿಗೆ ಈ ಎರಡು ವರ್ಷದ ಬಗ್ಗೆ ವಿವರಿಸುವುದು ಬೇಡ. ಬೆಂಗಳೂರು, ಪುಣೆಯ ಓದುಗರಿಗಾಗಿ ಹೇಳುತ್ತೇನೆ: ನಿಮ್ಮ ಪಿಯುಸಿಯೇ, ಆದರೆ ಇನ್ನೂ ಬಿಗಿ. ಎಂಪಿಸಿ ಗುಂಪಿಗೆ ಮೊದಲ ವರ್ಷ 470 ಅಂಕ, ಎರಡನೇ ವರ್ಷ 530, ಒಟ್ಟು ಸಾವಿರ. ಜೊತೆಗೆ ಜೆಇಇ, ಇಎಪಿಸಿಇಟಿ ತಯಾರಿ. ಎರಡನೇ ಭಾಷೆಯಾಗಿ ಬಹಳ ಮಕ್ಕಳು ಸಂಸ್ಕೃತ ತೆಗೆದುಕೊಳ್ಳುತ್ತಾರೆ. ಕಾಳಿದಾಸನ ಮೇಲಿನ ಪ್ರೀತಿಯಿಂದಲ್ಲ, ಅಂಕ ಚೆನ್ನಾಗಿ ಬರುತ್ತದೆ ಎಂದು. ನಮ್ಮವನೂ ಅದನ್ನೇ ತೆಗೆದುಕೊಂಡ, ತೆಗೆಸಿದವಳು ನಾನೇ. ಕಾಲೇಜು ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆ ಆರೂವರೆಗೆ ಬಿಡುತ್ತಿತ್ತು. ವಾರವಾರವೂ ಪರೀಕ್ಷೆ. ರ‍್ಯಾಂಕ್ ನೇರ ನನ್ನ ಫೋನಿಗೆ ಮೆಸೇಜ್ ಬರುತ್ತಿತ್ತು. ಮಗ ಮನೆ ಸೇರುವ ಮೊದಲೇ ಅವನ ರ‍್ಯಾಂಕ್ ಮನೆ ಸೇರಿರುತ್ತಿತ್ತು.

2024ರ ನವೆಂಬರ್, ಒಂದು ಶನಿವಾರ. ಬೆಳಿಗ್ಗೆ ಟಿಫಿನ್ ಡಬ್ಬಿ ಕಟ್ಟುತ್ತಾ ಎದುರು ಫ್ಲಾಟಿನ ಹುಡುಗನ ಸುದ್ದಿ ತೆಗೆದಿದ್ದೆ. ಅವನು ಬರೆದಿದ್ದೂ ಅದೇ ಪರೀಕ್ಷೆ, ಅವನಿಗೂ ಇರುವುದು ಇಪ್ಪತ್ನಾಲ್ಕೇ ಗಂಟೆ, ಹೀಗೆ ಏನೋ. ಇಂಥ ಮಾತು ಆಡಬಾರದು ಎಂದು ನೂರು ಸಲ ಓದಿದ್ದೇನೆ, ಬೇರೆ ತಾಯಂದಿರಿಗೆ ಬುದ್ಧಿಯನ್ನೂ ಹೇಳಿದ್ದೇನೆ. ಸಂಜೆ ಐದಕ್ಕೆ ಮೆಸೇಜ್ ಬಂತು: 240 ಮಕ್ಕಳಲ್ಲಿ 212. ಏಳಾಯಿತು, ಎಂಟಾಯಿತು, ಮಗ ಬರಲಿಲ್ಲ. ಬ್ಯಾಗಿನಲ್ಲಿ ಒಂದು ಡಬ್ಬಾ ಫೋನ್ ಇರುತ್ತಿತ್ತು, ಅದು ಮೊದಲು ಬಿಜಿ ಬಂತು, ಆಮೇಲೆ ಸ್ವಿಚ್ ಆಫ್.

ಆ ಮೂರು ತಾಸನ್ನು ಹೇಗೆ ಬರೆಯಲಿ? ಇವರು ಸ್ಕೂಟರ್ ತೆಗೆದುಕೊಂಡು ಕಾಲೇಜು, ಟೀ ಅಂಗಡಿ, ಪಾರ್ಕು ಎಲ್ಲ ಸುತ್ತಿದರು. ನಾನು ಅವನ ಗೆಳೆಯರ ಮನೆಗಳಿಗೆ ಫೋನ್ ಮಾಡುತ್ತಾ ಬಾಲ್ಕನಿಯಲ್ಲಿ ನಿಂತಿದ್ದೆ. ತಲೆಯಲ್ಲಿ ಇದ್ದದ್ದು ಒಂದೇ, 2019ರ ಏಪ್ರಿಲ್. ಆ ವರ್ಷ ಇಂಟರ್ ಫಲಿತಾಂಶದಲ್ಲಿ ದೊಡ್ಡ ಗೊಂದಲವಾಗಿತ್ತು. ಪರೀಕ್ಷೆಗೆ ಕೂತವರನ್ನೂ ಗೈರುಹಾಜರಿ ಎಂದು ತೋರಿಸಿತ್ತು. ತೆಲುಗಿನಲ್ಲಿ ಸೊನ್ನೆ ಬಂದಿದ್ದ ಒಬ್ಬ ಹುಡುಗಿಗೆ ಮರುಪರಿಶೀಲನೆಯಲ್ಲಿ 99 ಸಿಕ್ಕಿತು. ಆ ದಿನಗಳಲ್ಲಿ ರಾಜ್ಯದಲ್ಲಿ ಸುಮಾರು ಇಪ್ಪತ್ತು ಮಕ್ಕಳು ಜೀವ ಕಳೆದುಕೊಂಡಿದ್ದರು. ಆಗ ನಮ್ಮ ಮಕ್ಕಳು ಚಿಕ್ಕವರು. ಟಿವಿ ನೋಡಿ "ಪಾಪ" ಎಂದು ಚಾನೆಲ್ ಬದಲಿಸಿದ್ದೆವು. ರಾಯಚೂರಿಗೆ ಮಾತ್ರ ಫೋನ್ ಮಾಡಲಿಲ್ಲ. ಎಂಬತ್ತಾರು ವರ್ಷದ ಮಾವನವರನ್ನು ಯಾಕೆ ಗಾಬರಿಪಡಿಸುವುದು ಎಂದು.

ಹತ್ತು ನಲವತ್ತಕ್ಕೆ ಬಾಗಿಲು ತೆರೆದು ಬಂದ. ಶೂ ಬಿಚ್ಚುತ್ತಾ, "ಅಮ್ಮ, ಹಸಿವಾಗ್ಯಾದ" ಎಂದ.

ನಾನು ಏನೂ ಕೇಳಲಿಲ್ಲ. ಜಾಣತನದಿಂದಲ್ಲ, ಬಾಯೇ ಬರಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಕೂತು ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ ತಿಂದ. ತಿನ್ನುತ್ತಾ ತಾನಾಗಿಯೇ ಹೇಳಿದ. ಕಾಲೇಜಿನಿಂದ ಸೀದಾ ಮೆಟ್ರೋ ಹತ್ತಿ ಎಂಜಿಬಿಎಸ್‌ಗೆ ಹೋಗಿದ್ದನಂತೆ. ಕರ್ನಾಟಕದ ಬಸ್ಸುಗಳು ನಿಲ್ಲುವ ಕಡೆ ಬೆಂಚಿನ ಮೇಲೆ ಎರಡು ತಾಸು ಕೂತಿದ್ದನಂತೆ. ಕಂಡಕ್ಟರ್ "ರಾಯಚೂರ್, ರಾಯಚೂರ್" ಎಂದು ಕೂಗುತ್ತಿದ್ದದ್ದು ಕೇಳುತ್ತಾ. ಜೇಬಿನಲ್ಲಿ ದುಡ್ಡಿತ್ತು. ಹತ್ತುವ ಮೊದಲು ಅಜ್ಜನಿಗೆ ಫೋನ್ ಮಾಡಿದ. ಬ್ಯಾಟರಿ ಮುಗಿಯುವ ತನಕ ಮಾತಾಡಿದ. ಆಮೇಲೆ ಎದ್ದು ವಾಪಸ್ ಮೆಟ್ರೋ ಹತ್ತಿದ.

ಮರುದಿನ ಬೆಳಿಗ್ಗೆ ಮಾವನವರಿಗೆ ಫೋನ್ ಮಾಡಿ, ಸಿಟ್ಟು ತಡೆಯಲಾರದೆ, "ನಮಗ ಒಂದು ಮಾತು ಹೇಳಬಾರದಾಗಿತ್ತೇನ್ರಿ ಮಾವ? ನಾವು ಇಲ್ಲಿ ಸತ್ತು ಬದುಕಿದ್ವಿ" ಎಂದೆ.

"ಮನಿಗಿ ಹೋಗು, ಮುಟ್ಟಿದ ಮ್ಯಾಲ ಅವರಪ್ಪನ ಫೋನಿಂದ ಒಂದು ಮಿಸ್ ಕಾಲ್ ಕೊಡು ಅಂದಿದ್ದೆ. ಕೊಟ್ಟ. ಹೇಳಬ್ಯಾಡ ಅಂತ ಮಾತು ತಗೊಂಡಿದ್ದನವ್ವ, ಏನ್ ಮಾಡ್ಲಿ?" ಎಂದರು. ಅಷ್ಟೇ. ಇಬ್ಬರು ಏನು ಮಾತಾಡಿದರು ಎಂದು ಅವರೂ ಹೇಳಲಿಲ್ಲ.

ಒಂದು ಸಂಗತಿ ಮಾತ್ರ ಮಗನಿಂದ ಆಮೇಲೆ ಹೊರಬಂತು. ಅಜ್ಜ ಮೆಟ್ರಿಕ್‌ನಲ್ಲಿ ಗಣಿತದಲ್ಲಿ ನಪಾಸಾಗಿ, ಮನೆಗೆ ಹೋಗದೆ ಮಾನ್ವಿ ಕಡೆ ಸೋದರಮಾವನ ಹೊಲದ ಗುಡಿಸಲಿನಲ್ಲಿ ಎರಡು ದಿನ ಅಡಗಿ ಕೂತಿದ್ದರಂತೆ. ಹೊಟ್ಟೆ ತಾಳದೆ ವಾಪಸ್ ಬಂದರಂತೆ. ಇದು ಇವರಿಗೇ ಗೊತ್ತಿರಲಿಲ್ಲ. ಐವತ್ತು ವರ್ಷದ ಮಗನಿಗೆ ಹೇಳದ್ದನ್ನು ಮೊಮ್ಮಗನಿಗೆ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಹೇಳಿದ್ದರು.

"ನನಗ್ಯಾಕೆ ಫೋನ್ ಮಾಡಲಿಲ್ಲ?" ಎಂದು ವಾರದ ಮೇಲೆ ಕೇಳಿದೆ. ಅವನು ತಟ್ಟನೆ, "ನಿನಗ ಮಾಡಿದ್ರ ಮೊದಲು ರ‍್ಯಾಂಕ್ ಎಷ್ಟು ಅಂತ ಕೇಳ್ತಿದ್ದಿ. ಅಜ್ಜಗ ರ‍್ಯಾಂಕ್ ಅಂದ್ರ ಏನಂತನೇ ಗೊತ್ತಿಲ್ಲ" ಎಂದ.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಯೋಚಿಸಿದರೆ, ಈ ಹುಡುಗನ ಬಾಯಿಗೆ ಬಂದ ಭಾಷೆಗಳಲ್ಲಿ ಇಂಗ್ಲಿಷಿಗೆ ನೂರು ಅಂಕ, ಸಂಸ್ಕೃತಕ್ಕೆ ನೂರು, ತೆಲುಗು ಹಿಂದಿಗೆ ಶಾಲೆಯಲ್ಲಿ ವರ್ಷಗಟ್ಟಲೆ ಗ್ರೇಡು. ಗೆಳೆಯರ ನಡುವಿನ ತೆಲುಗಿನಲ್ಲಿಯೂ ಸೋತೆ ಎಂದು ಹೇಳುವ ಹಾಗಿಲ್ಲ, ಅಲ್ಲಿ ಎಲ್ಲವನ್ನೂ ಲೈಟಾಗಿ ತೆಗೆದುಕೊಳ್ಳಬೇಕು. ಯಾರೂ ಅಂಕ ಹಾಕದೆ ಉಳಿದದ್ದು ರಾಯಚೂರಿನ ಮನೆಮಾತೊಂದೇ. ಅದಕ್ಕೂ ನಾನು ಅರ್ಧರ್ಧ ಅಂಕ ಕಳೆಯಲು ಹೋಗಿದ್ದೆ. ಅವನು ತರಗತಿ ಬಿಟ್ಟು ಅದನ್ನು ಉಳಿಸಿಕೊಂಡ ಎನ್ನಬೇಕೇನೋ. ಅವನಿಗೆ ಇವತ್ತಿಗೂ ಕನ್ನಡ ಓದಲು ಬರುವುದಿಲ್ಲ, ನಾನು ಬರೆಯುತ್ತಿರುವ ಇದನ್ನೂ ಓದಲಾರ. ಆ ದುಃಖ ನನಗಿದ್ದೇ ಇದೆ. ಆದರೆ ಕನ್ನಡ ಉಳಿಯುತ್ತದೆಯೇ ಎಂದು ಕೇಳುತ್ತಿದ್ದ ನಾನು, ಆ ಕನ್ನಡದಲ್ಲಿ ನಾವು ಅವನ ಹತ್ತಿರ ಏನು ಮಾತಾಡುತ್ತೇವೆ ಎಂದು ಎಂದೂ ಕೇಳಿಕೊಂಡಿರಲಿಲ್ಲ. ಒಂದು ವಾರ ಸುಮ್ಮನೆ ಗಮನಿಸಿದೆ. ಊಟ ಆಯಿತೇ, ಓದಿದೆಯಾ, ಎಷ್ಟು ಬಂತು, ಫೋನ್ ಇಡು. ಇಷ್ಟೇ. ನೀವೂ ಒಂದು ದಿನ ಎಣಿಸಿ ನೋಡಿ.

ಆಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅವನನ್ನು ಐಐಟಿ ಬ್ಯಾಚಿನಿಂದ ಸಾಮಾನ್ಯ ಸೆಕ್ಷನ್ನಿಗೆ ಹಾಕಿಸುವ ವಿಷಯಕ್ಕೆ ನನಗೂ ಇವರಿಗೂ ಹದಿನೈದು ದಿನ ಜಗಳವಾಯಿತು. ಕಟ್ಟಿದ ಫೀಸು ವಾಪಸ್ ಬರುವುದಿಲ್ಲ ಎಂದು ಕಾಲೇಜಿನವರು ಹೇಳಿದರು. ಬಿಡಿಸಬಾರದು ಎಂದು ಹಟ ಹಿಡಿದದ್ದು, ನಿಜ ಹೇಳಬೇಕೆಂದರೆ, ಇವರಲ್ಲ, ನಾನು. ಕೊನೆಗೆ ಇವರೇ ಹೋಗಿ ಸಹಿ ಹಾಕಿ ಬಂದರು. ರ‍್ಯಾಂಕಿನ ಮೆಸೇಜ್ ಈಗ ಇವರ ಫೋನಿಗೆ ಬರುತ್ತದೆ, ಇವರು ನನಗೆ ತೋರಿಸುವುದಿಲ್ಲ. ಮೊದಲ ವರ್ಷ 470ಕ್ಕೆ 398 ಬಂತು. ಎದುರು ಫ್ಲಾಟಿನವನಿಗೆ ಎಷ್ಟು ಬಂತೆಂದು ನನಗೆ ಗೊತ್ತು. ಗೊತ್ತಿಲ್ಲದ ಹಾಗೆ ಇದ್ದೇನೆ.

ಆ ದಿನಗಳಲ್ಲಿ ನಾನೇ ಒಮ್ಮೆ 14416ಕ್ಕೆ ಫೋನ್ ಮಾಡಿದೆ. ಅದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಬೀಳುವುದಿಲ್ಲ, ರಾತ್ರಿಹಗಲು ಇರುತ್ತದೆ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಮಾತಾಡಬಹುದು. ಮಕ್ಕಳಿಗಷ್ಟೇ ಅಲ್ಲ, ತಂದೆತಾಯಿಗಳಿಗೂ. ನಾನು ಮಾತಾಡಿದ್ದಕ್ಕಿಂತ ಅತ್ತದ್ದೇ ಹೆಚ್ಚು. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿದಳು. ಮಗನ ಮಾತಿಗಿಂತ ಅವನ ನಿದ್ದೆ, ಊಟ, ಗೆಳೆಯರ ಜೊತೆಗಿನ ಒಡನಾಟ ಏಕಾಏಕಿ ಬದಲಾಗಿದೆಯೇ ಎಂದು ನೋಡಿ ಎಂದಳು. ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಚಿಕ್ಕವನು ಅದರ ಪಕ್ಕ ಪಿಜ್ಜಾ ಅಂಗಡಿಯ ನಂಬರ್ ಅಂಟಿಸಿದ್ದಾನೆ.

ಅವನ ಬಾಯಿ ಇನ್ನೂ ನಿಂತಿಲ್ಲ. ಬಸ್ಸಿನಲ್ಲಿ ಆದದ್ದು, ಕ್ರಿಕೆಟ್, ಗೇಮಿನಲ್ಲಿ ಯಾರು ಯಾರನ್ನು ಹೊಡೆದರು, ಎಲ್ಲ ವರದಿ ಒಪ್ಪಿಸುತ್ತಾನೆ. ಆದರೆ ಹೋದ ತಿಂಗಳಿಂದ ಅವನ ದನಿಯೂ ಮಧ್ಯೆ ಮಧ್ಯೆ ಕೀರಲಾಗುತ್ತಿದೆ. ಕನ್ನಡಿಯ ಮುಂದೆ ಮೀಸೆ ಇರುವ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತೇನೆ.

ಭಾನುವಾರ ರಾತ್ರಿ ನಮ್ಮಲ್ಲಿ ಜೋಳದ ರೊಟ್ಟಿ. ಕೂಕಟ್‌ಪಲ್ಲಿಯ ರಸ್ತೆಬದಿಯಲ್ಲಿ ಸಂಜೆ ಹೊತ್ತು ಬಿಸಿ ಜೊನ್ನ ರೊಟ್ಟೆ ಸಿಗುತ್ತದೆ, ಆದರೂ ಮನೆಯಲ್ಲೇ ಬಡಿಯುತ್ತೇನೆ. ಇಬ್ಬರಿಗೂ ಕಲಿಸಿದ್ದೇನೆ. ದೊಡ್ಡವನದು ನಕಾಶೆಯ ಹಾಗೆ ಬರುತ್ತದೆ, ಪರವಾಗಿಲ್ಲ. ತನ್ನ ಪಾಲಿನದು ಬಡಿದಿಟ್ಟು, ಕೈ ತೊಳೆದು, ಫೋನ್ ಹಿಡಿದು ಕೋಣೆಗೆ ಹೋಗುತ್ತಾನೆ. ಬಾಗಿಲು ಮುಚ್ಚುತ್ತದೆ. ಒಳಗಿನಿಂದ ಅವರಪ್ಪನದೇ ಎನ್ನುವಂಥ ದನಿ: "ಅಜ್ಜಾ, ಉಂಡಿಯೇನು?" ಆಮೇಲೆ ಅರ್ಧ ಗಂಟೆ ಗುಸುಗುಸು, ನಡುವೆ ನಗು, ನಡುವೆ ಏನೂ ಇಲ್ಲ.

ಹೋದ ವಾರ ಬಾಗಿಲ ಹತ್ತಿರ ನಿಂತಿದ್ದೆ. ಕೈಯಲ್ಲಿ ತಟ್ಟೆಯಿತ್ತು, ಹಾಗಾಗಿ ಕದ್ದು ಕೇಳುತ್ತಿದ್ದೆ ಎನ್ನಲಾಗದು. ಚಿಕ್ಕವನು ಹಿಂದಿನಿಂದ ಬಂದು, "ಅಮ್ಮ, ಒಳಗ ಏನ್ ಮಾತಾಡ್ಲಿಕತ್ತಾರ?" ಎಂದು ಪಿಸುಗುಟ್ಟಿದ.

"ನನಗೇನು ಗೊತ್ತು? ನಿನ್ನ ರೊಟ್ಟಿ ಆರ್ತದ, ಬಾ" ಎಂದು ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.