ರಿಪೋರ್ಟು ನಾರ್ಮಲ್, ಆದರೂ ಸುಸ್ತು!

"ಇ.ಎಸ್.ಆರ್. ಸರಿಯಾಗಿದೆ, ಸಿ.ಆರ್.ಪಿ. ಸರಿಯಾಗಿದೆ, ಇನ್ನೇನು?" ಎಂದು ಮನೆಯವರು ರಿಪೋರ್ಟನ್ನು ಮಡಿಸಿ ಫೈಲಿಗೆ ಸೇರಿಸುತ್ತಾರೆ. ರೋಗಿ ಮಾತ್ರ ಸೋಫಾದಿಂದ ಏಳುವುದಿಲ್ಲ. ರುಮಟಾಯ್ಡ್ ಸಂಧಿವಾತ, ಲೂಪಸ್ ಮುಂತಾದ ಕಾಯಿಲೆಗಳಿರುವ ಮನೆಗಳಲ್ಲಿ ಇದು ನಿತ್ಯದ ಮಾತು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮ ಮೇಲೇ ದಂಡೆತ್ತಿ ಬರುವ ಕಾಯಿಲೆಗಳಿವು. ಲೂಪಸ್ ಬರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಸುಸ್ತು ಎಂದರೆ ಸೋಮಾರಿತನ ಎಂದು ಇತರರಿಗೆ ಕೇಳಿಸಲು ಅದೂ ಒಂದು ಕಾರಣವಿರಬೇಕು!

ನಮ್ಮ ಮಾದಾಪುರದಲ್ಲಿ ರಕ್ತಪರೀಕ್ಷೆಗೆ ಕೊರತೆಯಿಲ್ಲ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಆದರೆ ಆ ಅಂಕಿಗಳು ಹೇಳುವುದೇನು? ಇ.ಎಸ್.ಆರ್. ಎಂದರೆ ರಕ್ತವನ್ನು ಸಪೂರ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಇಳಿದವು ಎಂದು ನೋಡುವುದು. ವಯಸ್ಸಾದರೂ, ರಕ್ತಹೀನತೆಯಿದ್ದರೂ ಅದು ಏರುತ್ತದೆ. ಸಿ.ಆರ್.ಪಿ. ಯಕೃತ್ತು ತಯಾರಿಸುವ ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾಯಿತು. ವಿಚಿತ್ರವೆಂದರೆ, ಲೂಪಸ್ ಕೆರಳಿದಾಗಲೂ ಅದು ಅನೇಕ ವೇಳೆ ಏರುವುದೇ ಇಲ್ಲ. ಅದಕ್ಕೇ ವೈದ್ಯರು ಸಿ3, ಸಿ4 ಇಳಿದಿವೆಯೇ ಎಂದೂ ನೋಡುತ್ತಾರೆ. ಎ.ಎನ್.ಎ. ಕಾಯಿಲೆಯ ಪತ್ತೆಗೆ ನೆರವಾಗುವ ಪರೀಕ್ಷೆ, ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು; ಅದನ್ನು ಪದೇ ಪದೇ ಮಾಡಿಸುವುದು ದುಡ್ಡು ದಂಡ. ಇವುಗಳಲ್ಲಿ ಒಂದೂ ಆಯಾಸವನ್ನು ಅಳೆಯುವುದಿಲ್ಲ.

ಫ್ಲೂ ಬಂದಾಗ ನಾವು ಹೊದ್ದು ಮಲಗುತ್ತೇವಲ್ಲ, ಹಾಗೆ ಮಲಗಿಸುವುದು ಬಹುಮಟ್ಟಿಗೆ ನಮ್ಮದೇ ರಕ್ಷಣಾಕಣಗಳು ಹೊರಬಿಡುವ ಇಂಟರ್‌ಲ್ಯೂಕಿನ್, ಇಂಟರ್‌ಫೆರಾನ್ ಮುಂತಾದ ರಾಸಾಯನಿಕಗಳು. "ಮಲಗು" ಎಂದು ಅವು ಮಿದುಳಿಗೆ ಅಪ್ಪಣೆ ಕೊಡುತ್ತವೆ. ಈ ಕಾಯಿಲೆಗಳಲ್ಲಿ ಆ ಅಪ್ಪಣೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಉರಿಯೂತ ತಗ್ಗಿದ ಮೇಲೂ ಸುಸ್ತು ಉಳಿಯುವುದುಂಟು. ಸಂಧಿವಾತದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವಂತೆ, ಅದರ ನಂಟು ರಕ್ತದ ಅಂಕಿಗಳಿಗಿಂತ ನೋವು, ಕೆಟ್ಟ ನಿದ್ದೆ, ಖಿನ್ನತೆಗಳೊಂದಿಗೇ ಹೆಚ್ಚು.

ನಮ್ಮ ಪಕ್ಕದ ಬ್ಲಾಕಿನಲ್ಲಿ ಹುಬ್ಬಳ್ಳಿ ಕಡೆಯ ಸೊಸೆಯೊಬ್ಬಳಿದ್ದಾಳೆ, ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ, ಲೂಪಸ್ ಬಂದು ನಾಲ್ಕು ವರ್ಷ. "ನಿದ್ದಿ ಮಾಡಿ ಎದ್ರೂ ಮೈಯಾಗ ಉಸುಕು ತುಂಬಿದಂಗ ಇರ್ತೈತ್ರಿ ಆಂಟಿ" ಎನ್ನುತ್ತಾಳೆ. ಅತ್ತೆಗೆ ರಿಪೋರ್ಟು ತೋರಿಸುವುದನ್ನೇ ಬಿಟ್ಟಿದ್ದಾಳೆ. ನಾರ್ಮಲ್ ಬಂತೆಂದರೆ ಅಡುಗೆಮನೆ ಪೂರ್ತಿ ಅವಳದೇ!

ಇಂಗ್ಲಿಷ್ ಬಿ.ಎ. ಓದಿದ ನನಗೆ ಇಲ್ಲಿ ಅಮೆರಿಕದ ಲೇಖಕಿ ಫ್ಲಾನರಿ ಓಕಾನರ್ ನೆನಪಾಗುತ್ತಾರೆ. 1941ರಲ್ಲಿ ತಂದೆಯನ್ನು ಬಲಿ ತೆಗೆದುಕೊಂಡ ಲೂಪಸ್ ಮುಂದೆ ಮಗಳನ್ನೂ ಹಿಡಿಯಿತು. ಬೆಳಿಗ್ಗೆ ಎರಡು-ಮೂರು ಗಂಟೆ ಬರವಣಿಗೆ, ಅಷ್ಟೇ ಅವರಿಗಿದ್ದ ತ್ರಾಣ. ಆದರೂ 1964ರಲ್ಲಿ, 39ನೆಯ ವಯಸ್ಸಿಗೆ ತೀರಿಕೊಳ್ಳುವಷ್ಟರಲ್ಲಿ ಎರಡು ಕಾದಂಬರಿ, ಮೂವತ್ತಕ್ಕೂ ಹೆಚ್ಚು ಕಥೆ ಬರೆದಿದ್ದರು. ಅವರ ಮನೆಗೆಲಸ ತಾಯಿಯ ಪಾಲಿಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಡಾಕ್ಟರ ಬಳಿ ಹೋದಾಗ ಕೀಲುನೋವಿನ ಜೊತೆಗೆ ಸುಸ್ತನ್ನೂ ಬೇರೆಯಾಗಿ ಹೇಳಿ. ಎಷ್ಟು ಹೊತ್ತಿಗೆ ಶುರು, ಯಾವ ಕೆಲಸ ಕೈಬಿಟ್ಟಿರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಒಳ್ಳೆಯದು. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಬೇಕೇ ಎಂದು ಕೇಳಿ. ಅವುಗಳಿಂದಾದ ಸುಸ್ತಿಗೆ ಔಷಧಿಯಿದೆ. ಪಂಜಾಗುಟ್ಟದ ನಿಮ್ಸ್‌ನಲ್ಲಿ ಈ ಕಾಯಿಲೆಗಳಿಗೆಂದೇ ರುಮಟಾಲಜಿ ವಿಭಾಗವಿದೆ. ಮೆಟ್ರೊದಲ್ಲಿ ಹೋಗುವವರು ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಬೇಕು. ಸುಸ್ತೆಂದು ಪೂರಾ ಮಲಗಿಬಿಡುವುದೂ ಸಲ್ಲದು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ, ಫೋನಿನ ಮೂಲಕ ಹೇಳಿಕೊಟ್ಟ ಹದವಾದ ವ್ಯಾಯಾಮದಿಂದಲೂ ಮಾತಿನ ಚಿಕಿತ್ಸೆಯಿಂದಲೂ ಇಂಥ ರೋಗಿಗಳ ಆಯಾಸ ತಗ್ಗಿತು. ದುರ್ಗಂ ಚೆರುವಿನ ದಂಡೆಯಲ್ಲಿ ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಬಹುದು, ಬಿಸಿಲೇರುವ ಮುನ್ನ. ಲೂಪಸ್ಸಿಗೆ ಬಿಸಿಲು ಆಗದು.